ಎರಡೂ ಕಡೆ ಹೆಸರು ಬಂದಿದೆ, ಎಲ್ಲಿಗೆ ಕಳಿಸಲಿ?

ಪ್ರಶ್ನೆ: ನಾನು ತಂಗಡಗಿಯ ರೈತ. ಹೊಳೆದಂಡೆಗೆ ನಾಲ್ಕು ಎಕರೆ, ಮೇಲಿನ ಮಡ್ಡಿಯಲ್ಲಿ ಎರಡು ಎಕರೆ ಇದೆ. ಕಬ್ಬು, ಉಳ್ಳಾಗಡ್ಡಿ, ತೊಗರಿ ಹಾಕುತ್ತೇವೆ. ಒಬ್ಬನೇ ಮಗ, ಊರಿನ ಸರ್ಕಾರಿ ಕನ್ನಡ ಸಾಲಿಯಲ್ಲಿ ಐದನೇ ಇಯತ್ತೆ ಮುಗಿಸಿದ್ದಾನೆ. ಲೆಕ್ಕದಲ್ಲಿ ಬಹಳ ಚುರುಕು. ನಾರಾಯಣಪುರ ಡ್ಯಾಮಿನ ಹಿನ್ನೀರು ನಮ್ಮ ಬದುವಿನ ಕಡೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಕೋಲು ನೆಟ್ಟು, ಗೆರೆ ಹಾಕಿ, ನೋಟುಬುಕ್ಕಿನಲ್ಲಿ ಬರೆದಿಡುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ. ಮಾಸ್ತರರು ಒತ್ತಾಯ ಮಾಡಿದ್ದರಿಂದ ಎರಡು ಖಾಸಗಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ ಬರೆಸಿದೆವು. ಎರಡರಲ್ಲೂ ಹೆಸರು ಬಂದಿದೆ. ಒಂದು ವಿಜಯಪುರದಲ್ಲಿದೆ. ಇಂಗ್ಲಿಷ್ ಮಾಧ್ಯಮ, ಸಿಬಿಎಸ್‌ಇ, ಆರನೆಯದರಿಂದಲೇ ಐಐಟಿ-ನೀಟ್ ಫೌಂಡೇಶನ್. ಹಾಸ್ಟೆಲ್ ಸೇರಿ ವರ್ಷಕ್ಕೆ ಒಂದು ಲಕ್ಷ ಅರವತ್ತು ಸಾವಿರ ಫೀಸು, ಅಂಕ ಚಲೋ ಬಂದದ್ದಕ್ಕೆ ಕಾಲು ಭಾಗ ಬಿಡುತ್ತಾರಂತೆ. ಇನ್ನೊಂದು ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆ. ಊಟ, ವಸತಿ, ಪಾಠ ಎಲ್ಲ ಉಚಿತ. ನನ್ನ ಹೆಂಡತಿಗೆ ಅಷ್ಟು ದೂರ ಕಳಿಸಲು ಮನಸ್ಸಿಲ್ಲ. ಕನ್ನಡ ಮಾಧ್ಯಮಕ್ಕೆ ಹಾಕಿದರೆ ಹುಡುಗನ ಬಾಳು ಹಾಳು ಎಂದು ಬೆಂಗಳೂರಿನಲ್ಲಿರುವ ಅವನ ಸೋದರಮಾವ ಹೇಳುತ್ತಾನೆ. ಬೇಕಾದರೆ ಮಡ್ಡಿ ಹೊಲ ಕೊಟ್ಟು ಫೀಸು ಕಟ್ಟಲು ತಯಾರಿದ್ದೇನೆ. ಏನು ಮಾಡಲಿ?
— ಒಬ್ಬ ತಂದೆ, ತಂಗಡಗಿ

ಉತ್ತರ: ಹೊಲ ಮಾರಬೇಡಿ. ಹುಡುಗ ಮನಸಾರೆ ಒಪ್ಪಿದರೆ ಮೂಡುಬಿದಿರೆಗೆ ಕಳಿಸಿ. ಒಪ್ಪದಿದ್ದರೆ ಇನ್ನೆರಡು-ಮೂರು ವರ್ಷ ನಿಮ್ಮ ಹತ್ತಿರವೇ ಇರಲಿ, ಅದರಿಂದ ಏನೂ ಕೆಡುವುದಿಲ್ಲ. ಇದು ನನ್ನ ತೀರ್ಪು. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮ ಹಾಗೆಯೇ ಹೊಲದ ಉತಾರೆ ಕೈಯಲ್ಲಿ ಹಿಡಿದುಕೊಂಡು ಯೋಚಿಸುತ್ತಿರುವ ತಂದೆಯರು ಮುದ್ದೇಬಿಹಾಳ, ಸಿಂದಗಿ, ಇಂಡಿ ತಾಲೂಕುಗಳಲ್ಲಿ ತುಂಬ ಜನ ಇದ್ದಾರೆ.

ಮೇ ತಿಂಗಳು ಬಂತೆಂದರೆ ಮುದ್ದೇಬಿಹಾಳ, ತಾಳಿಕೋಟಿ ಬಸ್ ನಿಲ್ದಾಣಗಳ ಮುಂದೆ ಫ್ಲೆಕ್ಸ್ ಏಳುತ್ತವೆ. 625ಕ್ಕೆ ಇಷ್ಟು ಅಂಕ, ಇಷ್ಟು ಮಕ್ಕಳು ಡಿಸ್ಟಿಂಕ್ಷನ್ ಎಂದು ಫೋಟೊ ಸಮೇತ ಇರುತ್ತದೆ. ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಶಾಲೆಯ ಫಲಿತಾಂಶವನ್ನು ಓದುವಾಗ ಒಂದು ವಿಷಯ ನೆನಪಿರಲಿ. ಕಣದಲ್ಲಿ ತೂರಿ, ಹೊಟ್ಟು ಹಾರಿಸಿ, ಗಟ್ಟಿ ಕಾಳನ್ನೇ ಚೀಲಕ್ಕೆ ತುಂಬಿಕೊಂಡವನು ತನ್ನ ಕಾಳು ಚಲೋ ಇದೆ ಎಂದರೆ, ಅದರಲ್ಲಿ ತೂರಿದ್ದರ ಪಾಲೆಷ್ಟು, ಬೆಳೆಸಿದ್ದರ ಪಾಲೆಷ್ಟು ಎಂದು ರೈತನಾದ ನೀವು ಕೇಳದೆ ಬಿಡುವುದಿಲ್ಲ. ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಗಂಭೀರವಾಗಿ ಪರೀಕ್ಷಿಸಿದ್ದಾರೆ. ಬೋಸ್ಟನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಪ್ರವೇಶ ಪರೀಕ್ಷೆಯ ಮೇಲೆ ಮಕ್ಕಳನ್ನು ತೆಗೆದುಕೊಳ್ಳುವ ಹೆಸರಾಂತ ಸರ್ಕಾರಿ ಶಾಲೆಗಳಿವೆ. 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಜೋಶುವಾ ಆಂಗ್ರಿಸ್ಟ್ ಮತ್ತು ಅವರ ಇಬ್ಬರು ಸಂಗಡಿಗರು ಆ ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ಪಾಸಾಗಿ ಒಳಹೋದ ಮಕ್ಕಳನ್ನೂ ಸ್ವಲ್ಪದರಲ್ಲೇ ತಪ್ಪಿ ಹೊರಗುಳಿದ ಮಕ್ಕಳನ್ನೂ ಮುಂದಿನ ವರ್ಷಗಳಲ್ಲಿ ಹೋಲಿಸಿ ನೋಡಿದರು. ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2014ರಲ್ಲಿ ಪ್ರಕಟಿಸಿದರು. ಶಾಲೆಯ ಹೆಸರಿಗಾಗಿ ಹೊಲ ಕೊಡುವ ಮುಂಚೆ ಇದನ್ನು ಮನಸ್ಸಿನಲ್ಲಿಡಿ.

ಈ ಮಾತು ಎರಡೂ ಶಾಲೆಗಳಿಗೆ ಅನ್ವಯಿಸುತ್ತದೆ. ಹಾಗಾಗಿ ಎರಡೂ ಕಡೆ ಹೋಗಿ ಕೇಳಿ: ಆರನೆಯದಕ್ಕೆ ಸೇರಿದ ಮಕ್ಕಳಲ್ಲಿ ಎಷ್ಟು ಜನ ಅಲ್ಲೇ ಇದ್ದು ಹತ್ತನೆಯದು ಬರೆದರು? ನಡುವೆ ಬಿಟ್ಟವರು ಯಾಕೆ ಬಿಟ್ಟರು? ಮೊದಲ ಹತ್ತು ಜನರ ಅಂಕ ಬೇಡ, ತರಗತಿಯ ನಟ್ಟನಡುವೆ ಇರುವ ಹುಡುಗನಿಗೆ ಎಷ್ಟು ಬಂತು? ಹಿಂದೆ ಬಿದ್ದವನನ್ನು ಬೇರೆ ಸೆಕ್ಷನ್ನಿಗೆ ಹಾಕುತ್ತೀರೋ, ಕೂರಿಸಿಕೊಂಡು ಕಲಿಸುತ್ತೀರೋ? ಇದಕ್ಕೆ ನೇರವಾಗಿ ಉತ್ತರ ಕೊಡುವ ಮುಖ್ಯಗುರುಗಳನ್ನು ನಂಬಬಹುದು. ಫ್ಲೆಕ್ಸನ್ನೇ ಮತ್ತೆ ತೋರಿಸುವವರಿಂದ ದೂರ ಇರಿ.

ಇನ್ನು ದುಡ್ಡಿನ ಲೆಕ್ಕ. ಕಾಲು ಭಾಗ ಬಿಟ್ಟರೆ ಮೊದಲ ವರ್ಷ ಒಂದು ಲಕ್ಷ ಇಪ್ಪತ್ತು ಸಾವಿರ. ಫೀಸು ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರಿದರೂ ಹತ್ತನೆಯದು ಮುಗಿಯುವಷ್ಟರಲ್ಲಿ ಏಳು ಲಕ್ಷ ಮೂವತ್ತು ಸಾವಿರ ಆಗುತ್ತದೆ. ರಿಯಾಯಿತಿ ಮೊದಲ ವರ್ಷಕ್ಕೆ ಮಾತ್ರ ಎಂದಾದರೆ ಒಂಬತ್ತು ಲಕ್ಷ ದಾಟುತ್ತದೆ. ರಿಯಾಯಿತಿ ಎಷ್ಟು ವರ್ಷದ್ದು, ಮಗನ ಅಂಕ ಇಳಿದರೆ ತೆಗೆಯುತ್ತೀರಾ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ಹುಡುಗನ ಓದಿಗೆ ದುಡ್ಡು ನಿಜವಾಗಿ ಬೇಕಾಗುವುದು ಹತ್ತನೆಯದಾದ ಮೇಲೆ: ಪಿಯುಸಿ ಎರಡು ವರ್ಷ, ಆಮೇಲೆ ಕಾಲೇಜು. ಹನ್ನೊಂದು ವರ್ಷದ ಹುಡುಗನ ಫೌಂಡೇಶನ್ ಕ್ಲಾಸಿಗೆ ಹೊಲ ಕೊಟ್ಟರೆ, ಹದಿನೇಳಕ್ಕೆ ಬಂದಾಗ ಕೊಡಲು ಏನು ಉಳಿಯುತ್ತದೆ? ಉಚಿತ ಶಾಲೆಗೆ ಕಳಿಸಿ ಅದೇ ದುಡ್ಡಿನಲ್ಲಿ ಕೈಲಾದಷ್ಟನ್ನು ಪ್ರತಿ ಸುಗ್ಗಿಗೆ ಅವನ ಹೆಸರಿನಲ್ಲಿ ಇಡಿ.

ಸೋದರಮಾವನ ಆತಂಕ ಸುಳ್ಳಲ್ಲ, ಆದರೆ ಅದರ ಸಮಯ ತಪ್ಪಿದೆ. ಪಿಯುಸಿ ವಿಜ್ಞಾನವನ್ನು ಬಹುತೇಕ ಎಲ್ಲ ಕಾಲೇಜುಗಳಲ್ಲೂ ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ಆರು ತಿಂಗಳು ಭಾರವಾಗುತ್ತದೆ, ಅದನ್ನು ಮುಚ್ಚಿಡಬಾರದು. ಅದಕ್ಕೆ ತಯಾರಿ ಎಂಟನೆಯದರಿಂದ ಮಾಡಬೇಕು, ಆರನೆಯದರಲ್ಲಿ ಮಾಧ್ಯಮವನ್ನೇ ಕಿತ್ತು ಬದಲಿಸುವುದರಿಂದ ಅಲ್ಲ. ಹಿನ್ನೀರಿನ ಏರಿಳಿತ ಅಳೆಯುವ ಹುಡುಗ ಈಗ ಯೋಚಿಸುವುದು ಕನ್ನಡದಲ್ಲಿ. ಅದೇ ವಯಸ್ಸಿನಲ್ಲಿ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಒಟ್ಟಿಗೆ ಇಂಗ್ಲಿಷಿಗೆ ತಿರುಗಿಸಿದರೆ ಒಂದು ವರ್ಷ ಬೋರ್ಡು ನೋಡಿ ನಕಲು ಮಾಡುವುದರಲ್ಲೇ ಹೋಗುತ್ತದೆ. ಲೆಕ್ಕ ಬರುವವನಿಗೂ ಲೆಕ್ಕದ ಪ್ರಶ್ನೆ ಅರ್ಥವಾಗುವುದಿಲ್ಲ. ಪ್ರಶ್ನೆ ಕೇಳುವ ಮಗು ಸುಮ್ಮನಾಗುವುದು ಆಗಲೇ. ದೇಶದ ಪ್ರತಿಭಾವಂತ ಹಳ್ಳಿ ಮಕ್ಕಳಿಗೆಂದೇ ಕಟ್ಟಿದ ನವೋದಯ ಶಾಲೆಗಳು ಕೂಡ ಮಕ್ಕಳ ಭಾಷೆಯಲ್ಲೇ ಶುರುಮಾಡಿ, ಆಮೇಲೆ ಗಣಿತ-ವಿಜ್ಞಾನವನ್ನು ಇಂಗ್ಲಿಷಿಗೆ ತಿರುಗಿಸುವ ಕ್ರಮ ಇಟ್ಟುಕೊಂಡಿವೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ, ಜೆಇಇ ಮೇನ್ 2021ರಿಂದ ಸಿಗುತ್ತದೆ. ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್, ಹಿಂದಿ ಎರಡರಲ್ಲೇ ಇದೆ.

ಸೋದರಮಾವನಿಗೆ ಇದನ್ನೂ ತಿಳಿಸಿ. ನಮ್ಮ ರಾಜ್ಯದಲ್ಲಿ ಸಿಇಟಿ ಮೂಲಕ ವೃತ್ತಿಶಿಕ್ಷಣದ ಸೀಟು ಹಂಚುವಾಗ ಕನ್ನಡ ಮಾಧ್ಯಮದವರಿಗೆ ಶೇ. 5, ಗ್ರಾಮೀಣರಿಗೆ ಶೇ. 15 ಮೀಸಲಿದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಹಾಗೆಯೇ ಓದಿರಬೇಕು. ನಿಮ್ಮ ಮಗ ಐದು ವರ್ಷ ಎರಡೂ ಹಕ್ಕನ್ನು ಗಳಿಸಿಕೊಂಡು ಬಂದಿದ್ದಾನೆ. ವಿಜಯಪುರ ಮಹಾನಗರ ಪಾಲಿಕೆ, ಶಾಲೆ ಇಂಗ್ಲಿಷ್ ಮಾಧ್ಯಮ. ಅಲ್ಲಿ ಆರನೆಯದಕ್ಕೆ ಕಾಲಿಟ್ಟ ದಿನವೇ ಎರಡೂ ಹೋಗುತ್ತವೆ. ಮೂಡುಬಿದಿರೆಯಲ್ಲಿ ಕನ್ನಡ ಮಾಧ್ಯಮದ್ದು ಉಳಿಯುತ್ತದೆ. ಗ್ರಾಮೀಣದ್ದು ಉಳಿಯಬೇಕಾದರೆ ಶಾಲೆಯ ಕಟ್ಟಡ ಇರುವ ಜಾಗ ಗ್ರಾಮ ಪಂಚಾಯಿತಿಗೆ ಸೇರಿರಬೇಕು, ಪುರಸಭೆಗೆ ಅಲ್ಲ. ಅದನ್ನು ಶಾಲೆಯ ಕಚೇರಿಯಲ್ಲೇ ಕೇಳಿ. ಈಗಿನ ಸಾಲಿಯಿಂದ ಟಿಸಿ ತರುವಾಗ ಐದು ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನೂ ಬಿಇಒ ಸಹಿಯೊಂದಿಗೆ ತೆಗೆದಿಟ್ಟುಕೊಳ್ಳಿ. ಏಳು ವರ್ಷದ ನಂತರ ಅದಕ್ಕಾಗಿ ಅಲೆಯುವ ಕಷ್ಟ ತಪ್ಪುತ್ತದೆ.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅವರ ಅಂಜಿಕೆ ನನಗೂ ಇದೆ. ಮೂಡುಬಿದಿರೆ ಒಂದು ರಾತ್ರಿಯ ಬಸ್ಸಿನ ದಾರಿ. ಹುಡುಗ ಸೇರುವುದು ಜೂನ್ ತಿಂಗಳು, ಕರಾವಳಿಯ ಮಳೆ ಹಿಡಿಯುವ ಹೊತ್ತಿಗೆ. ಕೃಷ್ಣೆಯ ದಂಡೆಯಲ್ಲಿದ್ದರೂ ನಮ್ಮ ಕಡೆಯ ಮಕ್ಕಳಿಗೆ ವಾರಗಟ್ಟಲೆ ಸೂರ್ಯ ಕಾಣದ ಮಳೆ ಗೊತ್ತಿಲ್ಲ. ಬಟ್ಟೆ ಒಣಗುವುದಿಲ್ಲ, ತೊಡೆಸಂದಿಯಲ್ಲಿ ಗಜಕರ್ಣ ಏಳುತ್ತದೆ, ನಾಚಿಕೆಯಿಂದ ಹುಡುಗರು ಹೇಳುವುದಿಲ್ಲ. ಒಳಬಟ್ಟೆ ಹೆಚ್ಚು ಕಳಿಸಿ, ಹೀಗಾದರೆ ವಾರ್ಡನ್‌ಗೆ ಹೇಳಬೇಕೆಂದು ಮೊದಲೇ ಹೇಳಿಕೊಡಿ. ರೊಟ್ಟಿ ತಿಂದು ಬೆಳೆದವನಿಗೆ ಮೂರು ಹೊತ್ತು ಅನ್ನ ಮೊದಮೊದಲು ಹೊಟ್ಟೆ ತುಂಬಿದಂತೆ ಅನ್ನಿಸುವುದಿಲ್ಲ. ಖಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಲು ಶಾಲೆಯ ಒಪ್ಪಿಗೆ ಇದೆಯೇ ಕೇಳಿ. ಸುತ್ತಲಿನ ಜನ ತುಳು ಮಾತಾಡುತ್ತಾರೆ, ಅವರ ಕನ್ನಡವೂ ಬೇರೆ ಥರ. ನಮ್ಮ ಕಡೆಯ ಮಾತಿಗೆ ಯಾರಾದರೂ ನಕ್ಕರೆ ಕುಗ್ಗಬೇಡ ಎಂದು ತಂದೆಯೇ ಹೇಳಿ ಕಳಿಸಬೇಕು. ಉತ್ತರ ಕರ್ನಾಟಕದ ಮಕ್ಕಳು ಆ ಶಾಲೆಯಲ್ಲಿ ಬಹಳ ಇರುವುದರಿಂದ ಜೊತೆಗಾರರು ಸಿಗುತ್ತಾರೆ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಅಲ್ಲಿಗೆ ಬಂದ ಪ್ರತಿ ಮಗುವೂ ತನ್ನ ಊರಿನಲ್ಲಿ ಮೊದಲನೆಯದು. ತಂಗಡಗಿಯ ಮೊದಲನೆಯವನು ಅಲ್ಲಿ ಮೂವತ್ತನೆಯವನಾಗಬಹುದು. ಕಲಿಕೆ ಮೊದಲಿಗಿಂತ ಚಲೋ ಇದ್ದರೂ ‘ನಾನು ದಡ್ಡ’ ಎಂಬ ಭಾವ ಹುಟ್ಟುತ್ತದೆ. ಆರಿಸಿದ ಮಕ್ಕಳ ಶಾಲೆಗಳಲ್ಲಿ ಹೀಗಾಗುವುದನ್ನು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ದೇಶದೇಶಗಳ ಮಕ್ಕಳಲ್ಲಿ ಅಧ್ಯಯನ ಮಾಡಿ ತೋರಿಸಿದ್ದಾರೆ. ಇದಕ್ಕೆ ಔಷಧ ನಿಮ್ಮ ಕೈಯಲ್ಲೇ ಇದೆ. ಫೋನ್ ಮಾಡಿದಾಗ ‘ಎಷ್ಟನೇ ನಂಬರ್ ಬಂತು’ ಎಂದು ಕೇಳಬೇಡಿ. ಈ ವಾರ ಏನು ಹೊಸದು ತಿಳಿಯಿತು, ಯಾರ ಜೊತೆ ಊಟಕ್ಕೆ ಕೂತೆ ಎಂದು ಕೇಳಿ. ಹೊಳೆಯ ನೀರು ಎಷ್ಟಿದೆ ಎಂದು ನೀವು ಅಳೆದು ಅವನಿಗೆ ಹೇಳಿ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ: ಅವನನ್ನು ನವೋದಯಕ್ಕೆ ಬರೆಸಿದ್ದೀರಾ? ಆಲಮಟ್ಟಿಯ ಜವಾಹರ ನವೋದಯ ನಿಮ್ಮ ಜಿಲ್ಲೆಯ ಶಾಲೆ. ಆರನೆಯದಕ್ಕೆ ಗರಿಷ್ಠ 80 ಸೀಟು, ಅದರಲ್ಲಿ ಶೇ. 75 ಹಳ್ಳಿ ಮಕ್ಕಳಿಗೆ. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ಎಂಟನೆಯದರವರೆಗೆ ಪೂರ್ತಿ ಉಚಿತ, ಆಮೇಲೂ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಅಷ್ಟೇ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಿಪಿಎಲ್ ಮನೆಗಳಿಗೆ ಅದೂ ಇಲ್ಲ. ಬರೆಸಿದ್ದು ಅವನ ಹೆಸರು ಆ ಪಟ್ಟಿಯಲ್ಲಿ ಬಂದರೆ ಈ ಎರಡೂ ಖಾಸಗಿ ಶಾಲೆಗಳನ್ನು ಬಿಟ್ಟು ಆಲಮಟ್ಟಿಗೆ ಸೇರಿಸಿ. ತಾಯಿ ಬೇಕೆಂದಾಗ ಬಸ್ಸು ಹತ್ತಿ ಹೋಗಿ ನೋಡಿ ಬರಬಹುದು.

ಹುಡುಗನಿಗೆ ಹೋಗಲು ಮನಸ್ಸೇ ಇಲ್ಲದಿದ್ದರೆ? ಒತ್ತಾಯ ಬೇಡ. ಮೈಸೂರಿನ ಶ್ರೀ ರಾಮಕೃಷ್ಣ ವಿದ್ಯಾಶಾಲೆ 1953ರಿಂದ ನಡೆದಿದೆ, ಅಲ್ಲಿ ಪರೀಕ್ಷೆ ಮಾಡಿ ಗಂಡುಮಕ್ಕಳನ್ನು ತೆಗೆದುಕೊಳ್ಳುವುದು ಎಂಟನೆಯದಕ್ಕೆ. ನವೋದಯದಲ್ಲಿ ಖಾಲಿ ಉಳಿದ ಸೀಟಿಗೆ ಒಂಬತ್ತರಲ್ಲೂ ಪರೀಕ್ಷೆ ಇದೆ. ಹತ್ತು-ಹನ್ನೊಂದು ವರ್ಷಕ್ಕೆ ಎಲ್ಲ ಬಾಗಿಲೂ ಮುಚ್ಚಿಹೋಗುತ್ತವೆ ಎಂಬುದು ಕೋಚಿಂಗ್ ಕ್ಲಾಸಿನವರು ಹಬ್ಬಿಸಿದ ಭಯ. ಮೊದಲು ಅವನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗಿ ಶಾಲೆ ತೋರಿಸಿ. ಊಟದ ಹೊತ್ತಿಗೆ ನಮ್ಮ ಕಡೆಯ ಹುಡುಗರ ಪಕ್ಕ ಅವನನ್ನು ಕೂರಿಸಿ ನೀವು ದೂರ ಸರಿಯಿರಿ. ಆಮೇಲೆ ಅವನು ಹೇಳಿದ್ದೇ ಕೊನೆ ಮಾತು.

ಪ್ರಶ್ನೆ: ಸರ್, ನಮಸ್ಕಾರ. ಮಗನನ್ನು ಒಂದು ವರ್ಷ ಕೋಚಿಂಗ್ ಹಾಸ್ಟೆಲಿನಲ್ಲಿ ಬಿಟ್ಟು ಸೈನಿಕ ಶಾಲೆ, ನವೋದಯ ಎರಡನ್ನೂ ಬರೆಸಿದೆವು. ಎರಡೂ ಆಗಲಿಲ್ಲ. ಮನೆಯಲ್ಲಿ ದಿನಾ ಅದೇ ಮಾತು. ಹುಡುಗ ಸರಿಯಾಗಿ ಊಟ ಮಾಡುತ್ತಿಲ್ಲ. ಇನ್ನೊಮ್ಮೆ ಐದನೆಯದಕ್ಕೇ ಕೂರಿಸಿ ನವೋದಯ ಬರೆಸಿ ಎಂದು ಕೋಚಿಂಗಿನವರು ಹೇಳುತ್ತಾರೆ. ಮಾಡಬಹುದೇ?
— ಒಬ್ಬ ತಾಯಿ, ನಾಲತವಾಡ

ಉತ್ತರ: ತಂಗಿ, ಮಾಡಬೇಡಿ. ನವೋದಯದ ಆರನೆಯದರ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು ಎಂದು ನಿಯಮವೇ ಇದೆ. ಐದನೆಯದರಲ್ಲಿ ಎರಡನೇ ಸಲ ಕೂರಿಸಿ ಬರೆಸಿದರೆ ಆಯ್ಕೆಯಾದರೂ ದಾಖಲೆ ತಪಾಸಣೆಯಲ್ಲಿ ಹೊರಗೆ ಹಾಕುತ್ತಾರೆ. ಆ ಅವಮಾನ ಮಗುವಿನ ಪಾಲಿಗೆ ಬರುತ್ತದೆ, ಸಲಹೆ ಕೊಟ್ಟವರ ಪಾಲಿಗಲ್ಲ.

ಸೈನಿಕ ಶಾಲೆಯ ಲೆಕ್ಕ ಸ್ವಲ್ಪ ಬೇರೆ. ಸೇರುವ ವರ್ಷದ ಮಾರ್ಚ್ 31ಕ್ಕೆ ವಯಸ್ಸು ಹತ್ತರಿಂದ ಹನ್ನೆರಡರ ಒಳಗಿದ್ದರೆ ಆರನೆಯದಕ್ಕೆ ಮತ್ತೆ ಬರೆಯಬಹುದು. ಆದರೆ ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಶುರುವಾದದ್ದು ಹುಡುಗರನ್ನು ಎನ್‌ಡಿಎ ಮೂಲಕ ಸೇನೆಯ ಅಧಿಕಾರಿಗಳಾಗಲು ತಯಾರು ಮಾಡುವುದಕ್ಕೆ. ವೈದ್ಯಕೀಯ ಪರೀಕ್ಷೆಯೂ ಇದೆ. ಮಗನಿಗೆ ಆ ಕಡೆ ಒಲವಿದೆಯೋ, ಅಥವಾ ಹೆಸರು ದೊಡ್ಡದೆಂದು ಬರೆಸಿದಿರೋ? ಒಲವಿಲ್ಲದಿದ್ದರೆ ಆ ಸುದ್ದಿಯನ್ನೇ ಬಿಡಿ. ಒಲವಿದ್ದರೆ ಆರನೆಯದನ್ನು ಊರಲ್ಲೇ ಓದುತ್ತ ಒಂಬತ್ತನೆಯದರ ಪ್ರವೇಶಕ್ಕೆ ತಯಾರಾಗಲಿ. ಆ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ ದಿನಾ ಅರ್ಧ ತಾಸು ಇಂಗ್ಲಿಷ್ ಓದು ಸಾಕು. ಎರಡನೇ ಸಲ ಕೋಚಿಂಗ್ ಹಾಸ್ಟೆಲಿಗೆ ಬಿಡಬೇಡಿ.

ಈಗ ಮಾಡಬೇಕಾದದ್ದು ಇದಕ್ಕಿಂತ ಮುಖ್ಯ. ನವೋದಯದಲ್ಲಿ ಇಡೀ ಜಿಲ್ಲೆಗೆ 80 ಸೀಟು. ಪಟ್ಟಿಯಲ್ಲಿ ಹೆಸರು ಇಲ್ಲದ ಸಾವಿರಾರು ಮಕ್ಕಳಲ್ಲಿ ನಿಮ್ಮವನೂ ಒಬ್ಬ. ಅವನು ತಪ್ಪು ಮಾಡಿಲ್ಲ ಎಂದು ಅವನ ಅಪ್ಪ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು. ಮನೆಗೆ ಬಂದ ಬೀಗರು-ನೆಂಟರು ಆ ಮಾತು ತೆಗೆದರೆ ಅಲ್ಲೇ ನಿಲ್ಲಿಸಿ. ಹದಿನೈದು ದಿನದಲ್ಲಿ ಊಟ, ನಿದ್ದೆ ಸರಿಹೋಗದಿದ್ದರೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಂಕೋಚ ಬೇಡ.

ಪ್ರಶ್ನೆ: ನಾನು ಬಸವನ ಬಾಗೇವಾಡಿ ತಾಲೂಕಿನ ಸರ್ಕಾರಿ ಶಾಲೆಯ ಶಿಕ್ಷಕ. ಚುರುಕಾದ ಮಕ್ಕಳನ್ನು ನಾವೇ ತಯಾರು ಮಾಡಿ ನವೋದಯ, ಮೊರಾರ್ಜಿ, ಖಾಸಗಿ ವಸತಿ ಶಾಲೆಗಳಿಗೆ ಕಳಿಸುತ್ತೇವೆ. ಆರನೆಯದಕ್ಕೆ ಬಂದಾಗ ತರಗತಿ ಬರಿದಾಗಿರುತ್ತದೆ. ನಾವು ಮಾಡುತ್ತಿರುವುದು ಸರಿಯೇ?
— ಶಿಕ್ಷಕ, ಬಸವನ ಬಾಗೇವಾಡಿ ತಾಲೂಕು

ಉತ್ತರ: ಗುರುಗಳೇ, ಬಡವರ ಮಗುವಿಗೆ ಉಚಿತ ವಸತಿ ಶಾಲೆ ಸಿಗುವಂತೆ ಮಾಡುವುದು ಪುಣ್ಯದ ಕೆಲಸ, ಅದನ್ನು ನಿಲ್ಲಿಸಬೇಡಿ. ನನ್ನ ಕಳವಳ ಉಳಿದ ಮಕ್ಕಳ ಬಗ್ಗೆ. ಆಯ್ಕೆಯಾದವರ ಹೆಸರನ್ನು ಶಾಲೆಯ ಗೋಡೆಗೆ ಬರೆಸುತ್ತೇವೆ. ಅದೇ ಬೆಂಚಿನಲ್ಲಿ ಕೂತು ಎರಡೇ ಅಂಕಕ್ಕೆ ತಪ್ಪಿದವರು ಆ ಗೋಡೆಯನ್ನು ನೋಡುತ್ತಲೇ ಆರನೆಯದಕ್ಕೆ ಬರುತ್ತಾರೆ. ಐದನೆಯದರಲ್ಲಿ ಅವರ ಮೇಲೆ ಖರ್ಚು ಮಾಡಿದ ಬೆಳಗಿನ ಹೊತ್ತಿನ ಒಂದು ತಾಸನ್ನು ಆರು, ಏಳು, ಎಂಟರಲ್ಲೂ ಕೊಡಿ ಎಂಬುದು ನನ್ನ ಬೇಡಿಕೆ.

ಅದಕ್ಕೆ ಎದುರಿಗೆ ಗುರಿಯೂ ಇದೆ. ಎಂಟನೆಯದರಲ್ಲಿ ನಡೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೇ ಮೀಸಲು. ನವೋದಯದವರಾಗಲಿ, ಸೈನಿಕ ಶಾಲೆಯವರಾಗಲಿ, ಖಾಸಗಿ ಶಾಲೆಯವರಾಗಲಿ ಬರೆಯುವಂತಿಲ್ಲ. ತಂದೆ-ತಾಯಿಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು, ಏಳನೆಯದರಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟ ಮಕ್ಕಳಿಗೆ ಶೇ. 50. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000, ನೇರವಾಗಿ ಮಗುವಿನ ಖಾತೆಗೆ ಬರುತ್ತದೆ. ಅರ್ಹರಿರುವ ಎಷ್ಟೋ ಶಾಲೆಗಳಿಂದ ಒಂದು ಅರ್ಜಿಯೂ ಹೋಗದಿರುವುದು ನನಗೆ ಸಹಿಸಲಾಗದ ಸಂಗತಿ. ಮೊದಲು ಮಗುವಿನ ಬ್ಯಾಂಕ್ ಖಾತೆ, ಆಧಾರ್ ಜೋಡಣೆ, ಆದಾಯ ಪ್ರಮಾಣಪತ್ರ ಮಾಡಿಸಿ. ನಿಮ್ಮ ಎಂಟನೇ ಇಯತ್ತೆಯ ಪ್ರತಿ ಅರ್ಹ ಮಗುವಿನ ಅರ್ಜಿಯನ್ನೂ ಈ ವರ್ಷ ನೀವೇ ಕೂತು ತುಂಬಿಸಿ.